ಕೇಳಿದ್ದಕ್ಕೆ ಉತ್ತರ: ಸೂತ್ರ ಒಂದೇ, ಕಾಂತ ಬೇರೆ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಸ್ತುವಿನ ಸುತ್ತ ಇವೆ: ಕಬ್ಬಿಣದ ಆಕ್ಸೈಡ್ ಮತ್ತು ಅದರ ಅಣ್ಣತಮ್ಮಂದಿರು, ಅಂದರೆ ಕಬ್ಬಿಣದ ಜೊತೆ ಇನ್ನೊಂದು ಲೋಹವೂ ಸೇರಿದ ಆಕ್ಸೈಡ್‌ಗಳಾದ ಫೆರೈಟ್‌ಗಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸಲು ಶುರು ಮಾಡುವ ಮೊದಲು ಎರಡು ವರ್ಷ ನಾನು ಈ ಪುಡಿಗಳನ್ನೇ ಅರೆದಿದ್ದೇನೆ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಆರಕ್ಕೇ ಜಾಗ ಕೊಟ್ಟಿದ್ದೇನೆ. ಮೊದಲ ಉತ್ತರ ಉದ್ದ ಆಗಿದೆ. ಆ ಹುಡುಗಿಯ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ರಶ್ನೆ: ಅಕ್ಕೋರೆ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಜಿಂಕ್ ಫೆರೈಟ್ ಮಾಡಿದೆ. ಜಿಂಕ್ ನೈಟ್ರೇಟ್ ಒಂದು ಪಾಲು, ಫೆರಿಕ್ ನೈಟ್ರೇಟ್ ಎರಡು ಪಾಲು ನೀರಿನಲ್ಲಿ ಕರಗಿಸಿ, ಕಾಸ್ಟಿಕ್ ಸೋಡಾ ಹಾಕಿ, 80 ಡಿಗ್ರಿಯಲ್ಲಿ ಎರಡು ತಾಸು ಇಟ್ಟು, ತೊಳೆದು ಒಣಗಿಸಿದೆ. ಜಿಂಕ್ ಫೆರೈಟ್ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಪುಸ್ತಕದಲ್ಲಿದೆ. ನನ್ನದು ಅಂಟುತ್ತದೆ. "ಬೇರೆ ಕಬ್ಬಿಣದ ಆಕ್ಸೈಡ್ ಬೆರೆತಿದೆ, ಚೆಲ್ಲಿ ಮತ್ತೆ ಮಾಡು" ಎಂದು ಗೈಡ್ ಹೇಳಿದರು. ಮೂರು ಸಲ ಮಾಡಿದೆ, ಮೂರೂ ಸಲ ಅಂಟಿತು. ನನ್ನ ತಪ್ಪು ಎಲ್ಲಿದೆ? — ವಿದ್ಯಾರ್ಥಿನಿ, ಗದಗ

ತಂಗಿ, ಮೂರು ಸಲ ಮಾಡಿದಾಗ ಮೂರೂ ಸಲ ಅದೇ ಬಂತೆಂದರೆ ಅದಕ್ಕೆ ತಪ್ಪು ಎಂದು ಹೆಸರಿಡುವ ಮೊದಲು ಕೂತು ನೋಡಬೇಕು. ಆ ಮೂರೂ ಪುಡಿಗಳನ್ನು ಚೆಲ್ಲಿಲ್ಲ ತಾನೆ? ಚೆಲ್ಲಿರದಿದ್ದರೆ ಮೊದಲು ಶೀಶೆಗೆ ತುಂಬಿ ತಾರೀಕು ಬರೆ.

ಪುಸ್ತಕ ಹೇಳುವುದು ಸುಳ್ಳಲ್ಲ. ಫೆರೈಟ್‌ನ ಹರಳಿನಲ್ಲಿ ಆಮ್ಲಜನಕದ ಅಯಾನುಗಳು ಒತ್ತಾಗಿ ಕೂತಿರುತ್ತವೆ. ಅವುಗಳ ಸಂದಿಯಲ್ಲಿ ಲೋಹದ ಅಯಾನುಗಳಿಗೆ ಎರಡು ಬಗೆಯ ಮನೆಗಳಿವೆ. ನಾಲ್ಕು ಆಮ್ಲಜನಕ ಸುತ್ತುವರಿದ ಸಣ್ಣ ಮನೆಗೆ ಎ ಎನ್ನುತ್ತಾರೆ, ಆರು ಸುತ್ತುವರಿದ ದೊಡ್ಡ ಮನೆಗೆ ಬಿ ಎನ್ನುತ್ತಾರೆ. 32 ಆಮ್ಲಜನಕ ಇರುವ ಒಂದು ಘಟಕದಲ್ಲಿ ಎ ಮನೆಗಳಲ್ಲಿ 8, ಬಿ ಮನೆಗಳಲ್ಲಿ 16 ತುಂಬಿರುತ್ತವೆ. ಎ ಮನೆಯ ಕಬ್ಬಿಣಕ್ಕೂ ಬಿ ಮನೆಯ ಕಬ್ಬಿಣಕ್ಕೂ ನಡುವಿನ ಆಮ್ಲಜನಕದ ಮೂಲಕ ಗಟ್ಟಿ ನಂಟು ಇರುತ್ತದೆ, ಒಂದು ಮೇಲೆ ಮುಖ ಮಾಡಿದರೆ ಇನ್ನೊಂದು ಕೆಳಗೆ ಮಾಡುತ್ತದೆ. ಎರಡೂ ಕಡೆಯ ಲೆಕ್ಕ ಸಮ ಇಲ್ಲದ್ದರಿಂದ ಉಳಿದ ಬಾಕಿಯೇ ಫೆರೈಟ್‌ನ ಕಾಂತತ್ವ. 1948ರಲ್ಲಿ ಇದನ್ನು ಬಿಡಿಸಿ ಹೇಳಿದವರು ಫ್ರಾನ್ಸಿನ ಲೂಯಿ ನೀಲ್, 1970ರಲ್ಲಿ ಅವರಿಗೆ ನೊಬೆಲ್ ಬಂತು.

ಜಿಂಕ್ ಅಯಾನಿಗೆ ತನ್ನದೇ ಕಾಂತತ್ವ ಇಲ್ಲ, ಮತ್ತು ಅದಕ್ಕೆ ಎ ಮನೆಯೇ ಇಷ್ಟ. ಎಂಟೂ ಎ ಮನೆಗಳಲ್ಲಿ ಜಿಂಕ್ ಕೂತರೆ ಬಿ ಮನೆಯ ಕಬ್ಬಿಣಕ್ಕೆ ಎದುರು ಜೋಡಿಯೇ ಸಿಗುವುದಿಲ್ಲ. ಬಿ ಮನೆಗಳ ಒಳಗೊಳಗಿನ ನಂಟು ತೀರಾ ದುರ್ಬಲ. ಸುಮಾರು 10 ಕೆಲ್ವಿನ್‌ಗೆ (ಸೊನ್ನೆ ಡಿಗ್ರಿಗಿಂತ 263 ಡಿಗ್ರಿ ಕೆಳಗೆ) ತಂಪು ಮಾಡಿದ ಮೇಲಷ್ಟೇ ಅವು ಸಾಲಾಗುತ್ತವೆ, ಆಗಲೂ ಒಂದಕ್ಕೊಂದು ಎದುರಾಗಿ ನಿಂತು ಬಾಕಿ ಸೊನ್ನೆ. ನಮ್ಮ ಕೋಣೆಯ ಉಷ್ಣತೆಯಲ್ಲಿ ಅಂಥ ಜಿಂಕ್ ಫೆರೈಟ್ ಅಯಸ್ಕಾಂತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆದರೆ ಆ ಪುಸ್ತಕದ ಜಿಂಕ್ ಫೆರೈಟ್ ಹುಟ್ಟಿದ್ದು ಎಲ್ಲಿ? ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ, ತಾಸುಗಟ್ಟಲೆ ಕಾದು, ನಿಧಾನ ತಣಿದು. ಅಷ್ಟು ಶಾಖ, ಅಷ್ಟು ಹೊತ್ತು ಸಿಕ್ಕರೆ ಪ್ರತಿ ಅಯಾನೂ ತನ್ನ ಮನೆ ಹುಡುಕಿಕೊಳ್ಳುತ್ತದೆ. ನಿನ್ನ ಬೀಕರಿನಲ್ಲಿ ಹಾಗಾಗಲಿಲ್ಲ. ಕಾಸ್ಟಿಕ್ ಬಿದ್ದ ಕ್ಷಣಕ್ಕೆ ಜಿಂಕ್, ಕಬ್ಬಿಣ ಎರಡೂ ನೀರಿನಿಂದ ಹೊರಬಿದ್ದು ಸಿಕ್ಕ ಮನೆಗೆ ನುಗ್ಗಿದವು. 80 ಡಿಗ್ರಿಯ ಶಾಖದಲ್ಲಿ ಅಲ್ಲಿಂದ ಏಳಲು ಅವಕ್ಕೆ ಶಕ್ತಿ ಇಲ್ಲ. ಒಂದಿಷ್ಟು ಜಿಂಕ್ ಬಿ ಮನೆಯಲ್ಲಿ ಉಳಿಯಿತು, ಅಷ್ಟೇ ಕಬ್ಬಿಣ ಎ ಮನೆಗೆ ಹೋಯಿತು. ಎ ಮನೆಯಲ್ಲಿ ಕಬ್ಬಿಣ ಬಂತೆಂದರೆ ಗಟ್ಟಿ ನಂಟು ಎಚ್ಚರಾಯಿತು, ಪುಡಿ ಅಂಟಿತು. ಅದೇ ಸೂತ್ರ, ಅದೇ ಧಾತುಗಳು, ಕಾಂತ ಮಾತ್ರ ಬೇರೆ. ನ್ಯಾನೊ ಗಾತ್ರದ (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಜಿಂಕ್ ಫೆರೈಟ್ ಹೀಗೆ ವರ್ತಿಸುವುದನ್ನು ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ನೋಡಿವೆ.

ಹಾಗಂತ ನಿನ್ನ ಗೈಡ್ ಹೇಳಿದ್ದನ್ನು ತಳ್ಳಿಹಾಕಬೇಡ. ಅವರ ಸಂಶಯಕ್ಕೆ ಗಟ್ಟಿ ಕಾರಣವಿದೆ, ಬಹುಶಃ ನೀನು ನೋಡಿರದ ಕಡೆಯಲ್ಲಿದೆ. ಎಷ್ಟು ಕಾಸ್ಟಿಕ್ ಹಾಕಿದೆ, ಪಿಎಚ್ ಎಷ್ಟಿತ್ತು ಎಂದು ನೀನು ಬರೆದಿಲ್ಲ. ಜಿಂಕ್ ಹೈಡ್ರಾಕ್ಸೈಡ್ ಹೆಚ್ಚಿನ ಕ್ಷಾರದಲ್ಲಿ ಜಿಂಕೇಟ್ ಆಗಿ ಮತ್ತೆ ಕರಗಿಬಿಡುತ್ತದೆ. ಪಿಎಚ್ 12 ದಾಟಿ ಮೇಲೆ ಹೋಗಿದ್ದರೆ ತೊಳೆದ ನೀರಿನ ಜೊತೆ ನಿನ್ನ ಜಿಂಕ್ ಸಿಂಕಿಗೆ ಹೋಗಿದೆ, ಉಳಿದ ಪುಡಿಯಲ್ಲಿ ಕಬ್ಬಿಣ ಹೆಚ್ಚಾಗಿದೆ. ಆಗ ಗೈಡ್ ಹೇಳಿದ್ದೇ ಸರಿ. ಕಾಸ್ಟಿಕ್ ಬದಲು ಅಮೋನಿಯಾ ಬಳಸಿದರೂ ಬಚಾವಿಲ್ಲ, ಅದೂ ಜಿಂಕನ್ನು ಕಟ್ಟಿಕೊಂಡು ನೀರಿಗಿಳಿಸುತ್ತದೆ. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಸೋಸಿದ ನೀರನ್ನು ಎತ್ತಿಟ್ಟು, ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ (ಲೋಹ ಇದ್ದರೆ ಬಣ್ಣ ಬದಲಿಸಿ ತೋರಿಸುವ ಸೂಚಕ) ಹಾಕಿ ಇಡಿಟಿಎ (ಲೋಹವನ್ನು ಕಟ್ಟಿಹಾಕುವ ದ್ರಾವಣ) ಹನಿಹನಿಯಾಗಿ ಬಿಟ್ಟು ಟೈಟ್ರೇಶನ್ ಮಾಡು. ಹನಿ ಬೀಳಿಸುವ ಮೊದಲೇ ಬಣ್ಣ ನೀಲಿ ಇದ್ದರೆ ಜಿಂಕ್ ಹೋಗಿಲ್ಲ. ದ್ರಾಕ್ಷಿಯ ಕೆಂಪು ಬಂದರೆ ಎಷ್ಟು ಹೋಗಿದೆ ಎಂದು ಬ್ಯುರೆಟ್ಟೇ ಹೇಳುತ್ತದೆ. ತೊಳೆಯಲು ಡಿಸ್ಟಿಲ್ಡ್ ನೀರನ್ನೇ ಬಳಸು, ಬೋರಿನ ನೀರಿನ ಸುಣ್ಣವೂ ಇದೇ ಬಣ್ಣ ಕೊಡುತ್ತದೆ.

ಎರಡನೆಯದಾಗಿ ಅರ್ಧ ಪುಡಿಯನ್ನು 900 ಡಿಗ್ರಿಯಲ್ಲಿ ನಾಲ್ಕು ತಾಸು ಕಾಯಿಸಿ ಕುಲುಮೆಯೊಳಗೇ ತಣಿಸು. ಅಯಾನುಗಳು ತಮ್ಮ ಮನೆಗೆ ಮರಳಿದರೆ ಅಂಟುವುದು ಬಹಳ ಕಡಿಮೆಯಾಗಬೇಕು. ಆದರೆ ಇಲ್ಲೊಂದು ಮೋಸವಿದೆ, ಇದರಲ್ಲಿ ಬಹಳ ಮಂದಿ ಬೀಳುತ್ತಾರೆ. ಬೆರೆತದ್ದು ಮ್ಯಾಗ್ನೆಟೈಟ್ ಅಥವಾ ಮ್ಯಾಗ್ಹೆಮೈಟ್ (ಎರಡೂ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್‌ಗಳು) ಆಗಿದ್ದರೂ ಗಾಳಿಯಲ್ಲಿ ಕಾಯಿಸಿದಾಗ ಕೆಂಪು ಹೆಮಟೈಟ್ ಆಗಿ ಅಂಟುವುದನ್ನು ಬಿಡುತ್ತದೆ. ಅಂದರೆ ಎರಡೂ ಕಥೆಗಳ ಕೊನೆ ಒಂದೇ. ಅವನ್ನು ಬೇರ್ಪಡಿಸುವುದು ಕಾಯಿಸಿದ ಪುಡಿಯ ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಹಾಯಿಸಿ ಹರಳಿನ ಗುರುತು ಹಿಡಿಯುವ ಪರೀಕ್ಷೆ). ತಾಮ್ರದ ಟ್ಯೂಬ್ ಇದ್ದ ಯಂತ್ರದಲ್ಲಿ ಜಿಂಕ್ ಫೆರೈಟ್‌ನ ದೊಡ್ಡ ಗೆರೆ 35.3 ಡಿಗ್ರಿ ಹತ್ತಿರ ಬರುತ್ತದೆ. 33.2ರ ಹತ್ತಿರ ಇನ್ನೊಂದು ಗೆರೆ ಎದ್ದರೆ ಅದು ಹೆಮಟೈಟ್‌ನದು, ಪುಡಿಯಲ್ಲಿ ಕಬ್ಬಿಣ ಹೆಚ್ಚಿತ್ತು ಎಂದರ್ಥ. ಅಲ್ಲಿ ಏನೂ ಇಲ್ಲದೆ, ಸೋಸಿದ ನೀರಿನಲ್ಲೂ ಜಿಂಕ್ ಇಲ್ಲದೆ, ಅಂಟುವುದು ಕಡಿಮೆಯಾಗಿದ್ದರೆ ಆ ಮೂರು ಕಾಗದ ಹಿಡಿದುಕೊಂಡು ಗೈಡ್ ಮುಂದೆ ಕೂಡು. ಕಾಯಿಸದ ಪುಡಿಯ ಎಕ್ಸ್‌ಆರ್‌ಡಿ ಮಾತ್ರ ತೋರಿಸಿದರೆ ಅವರು ಒಪ್ಪಬೇಕಿಲ್ಲ. ಕಣ ಸಣ್ಣದಾದಷ್ಟು ಗೆರೆ ಅಗಲವಾಗುತ್ತದೆ, ಆ ಅಗಲದೊಳಗೆ ಮ್ಯಾಗ್ನೆಟೈಟ್ ಅಡಗಿ ಕೂತರೂ ಕಾಣುವುದಿಲ್ಲ.

ಅಂದಹಾಗೆ, ಪರೀಕ್ಷೆಗೆ ಹಳೆ ಸ್ಪೀಕರಿನ ಕರಿ ಅಯಸ್ಕಾಂತ ಬಳಸು. ಈಗ ಸಿಗುವ ನಿಯೋಡಿಮಿಯಮ್ ಗುಂಡಿಗಳು ಎಷ್ಟು ಬಲವೆಂದರೆ ಕಾಂತತ್ವ ಇಲ್ಲವೆನ್ನುವ ಪುಡಿಯನ್ನೂ ಸ್ವಲ್ಪ ಎಳೆಯುತ್ತವೆ.

ನನಗೆ ನಿದ್ದೆ ಹತ್ತದ ಕಾರಣವನ್ನೂ ಹೇಳುತ್ತೇನೆ. 1984ರಲ್ಲಿ ನಾನು ಮೆಗ್ನೀಸಿಯಮ್ ಫೆರೈಟ್ ಮಾಡುತ್ತಿದ್ದೆ. ಎರಡು ಆಕ್ಸೈಡ್‌ಗಳನ್ನು ಅಗೇಟ್ ಕುಟ್ಟಾಣಿಯಲ್ಲಿ ತಾಸುಗಟ್ಟಲೆ ಅರೆದು, ಬಿಲ್ಲೆ ಒತ್ತಿ, ಕುಲುಮೆಗೆ ಇಡುವುದು. ಮೊದಲ ಬಿಲ್ಲೆ ರಾತ್ರಿಯಿಡೀ ಕುಲುಮೆಯಲ್ಲೇ ತಣಿಯಿತು. ಎರಡನೆಯ ದಿನ ಹುಬ್ಬಳ್ಳಿಗೆ ಕೊನೆ ಬಸ್ಸು ಹಿಡಿಯಬೇಕಿತ್ತು, ಮನೆಯಲ್ಲಿ ಅವ್ವನಿಗೆ ಜ್ವರ. ಕೆಂಪಗಿದ್ದ ಮೂಸೆಯನ್ನು ಇಕ್ಕಳದಿಂದ ಹೊರಗೆಳೆದು ಕಲ್ಲಿನ ಮೇಲಿಟ್ಟು ಓಡಿದೆ. ವಾರದ ನಂತರ ಅಳೆದಾಗ ಎರಡನೆಯ ಬಿಲ್ಲೆಯ ಕಾಂತತ್ವ ಎದ್ದು ಕಾಣುವಷ್ಟು ಹೆಚ್ಚಿತ್ತು. ನೋಟ್‌ಬುಕ್ಕಿನಲ್ಲಿ ತಣಿಸಿದ ಬಗೆ ಬರೆದಿರಲಿಲ್ಲ. ಅಳತೆ ತಪ್ಪಿದೆ ಎಂದುಕೊಂಡು ಆ ಬಿಲ್ಲೆಯನ್ನು ಎಸೆದೆ. ಮೆಗ್ನೀಸಿಯಮ್ ಫೆರೈಟನ್ನು ಬಿಸಿಯಿಂದ ತಟ್ಟನೆ ತಣಿಸಿದರೆ ಹೆಚ್ಚು ಮೆಗ್ನೀಸಿಯಮ್ ಎ ಮನೆಯಲ್ಲೇ ಸಿಕ್ಕಿಹಾಕಿಕೊಂಡು ಕಾಂತತ್ವ ಏರುತ್ತದೆ ಎಂಬುದನ್ನು ಫ್ರಾನ್ಸಿನಲ್ಲಿ 1950ರ ದಶಕದ ಆರಂಭದಲ್ಲೇ ಅಳೆದಿದ್ದರು. ನಾನು ಅದನ್ನು ಓದಿದ್ದು ಮೂರು ವರ್ಷ ತಡವಾಗಿ. ನನ್ನ ಕೈಯಲ್ಲೇ ಇದ್ದ ಸರಿಯಾದ ಉತ್ತರವನ್ನು ನಾನೇ ಎಸೆದಿದ್ದೆ. ನೀನು ಎಸೆಯಬೇಡ.

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳಿಂದ ಮ್ಯಾಗ್ನೆಟೈಟ್ ಮಾಡಿಸಿದೆ. ಫೆರಿಕ್ ಕ್ಲೋರೈಡ್ ಮತ್ತು ಅನ್ನಭೇದಿ (ಫೆರಸ್ ಸಲ್ಫೇಟ್) ಬೆರೆಸಿ ಅಮೋನಿಯಾ ಹಾಕಿದಾಗ ಇದ್ದಲಿಯಂಥ ಕಪ್ಪು ಪುಡಿ ಬಂತು. ಹತ್ತು ದಿನದಲ್ಲಿ ಕಂದು ತಿರುಗಿತು. ಪ್ರದರ್ಶನದ ದಿನ ಮಕ್ಕಳ ಮುಖ ನೋಡಲಾಗಲಿಲ್ಲ. ಹೀಗೇಕಾಯಿತು? — ಹೈಸ್ಕೂಲ್ ಶಿಕ್ಷಕ, ಹಾವೇರಿ

ಸರ್, ಮಕ್ಕಳು ಮಾಡಿದ್ದು ಕೆಟ್ಟಿಲ್ಲ, ಉಸಿರಾಡಿದೆ ಅಷ್ಟೇ. ಮ್ಯಾಗ್ನೆಟೈಟ್‌ನಲ್ಲಿ ಮೂರು ಕಬ್ಬಿಣದ ಅಯಾನುಗಳಲ್ಲಿ ಒಂದು ಫೆರಸ್ (ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು), ಎರಡು ಫೆರಿಕ್ (ಮೂರು ಕಳೆದುಕೊಂಡದ್ದು). ಗಾಳಿಯ ಆಮ್ಲಜನಕ ಆ ಫೆರಸ್ಸನ್ನೂ ಫೆರಿಕ್ ಮಾಡಿದರೆ ಕಪ್ಪು ಮ್ಯಾಗ್ನೆಟೈಟ್ ಕಂದು ಮ್ಯಾಗ್ಹೆಮೈಟ್ ಆಗುತ್ತದೆ. ಅದೂ ಅಯಸ್ಕಾಂತಕ್ಕೆ ಅಂಟುತ್ತದೆ, ಹಿಡಿದು ನೋಡಿರಿ. ಅಂಟಿದರೆ ಮಕ್ಕಳಿಗೆ ಎರಡನೆಯ ಪಾಠ ಪುಕ್ಕಟೆ ಸಿಕ್ಕಿದೆ. ಅದೇ ಪುಡಿಯನ್ನು ಚಿಟಿಕೆಯಷ್ಟು ಮೂಸೆಯಲ್ಲಿ ಹಾಕಿ 600 ಡಿಗ್ರಿ ದಾಟಿಸಿ ಕಾಯಿಸಿದರೆ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣದ ಹೆಮಟೈಟ್ ಆಗುತ್ತದೆ, ಅಂಟುವುದೂ ನಿಲ್ಲುತ್ತದೆ. ಕಪ್ಪು, ಕಂದು, ಕೆಂಪು ಮೂರು ಶೀಶೆ ಸಾಲಾಗಿ ಇಟ್ಟರೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ಬೇಕೆ?

ಹತ್ತೇ ದಿನಕ್ಕೆ ಏಕೆ ಎಂದರೆ ಗಾತ್ರ. ನೀವು ಮಾಡಿದ ವಿಧಾನದಲ್ಲಿ ಕಣಗಳು ಸುಮಾರು 10 ನ್ಯಾನೊಮೀಟರ್ ಬರುತ್ತವೆ. ಹಲಗೆಯ ಮೇಲೆ ಮಕ್ಕಳಿಂದ ಈ ಲೆಕ್ಕ ಮಾಡಿಸಿರಿ: 10 ನ್ಯಾನೊಮೀಟರ್ ಗುಂಡಿನ ಹೊರಗಿನ 1 ನ್ಯಾನೊಮೀಟರ್ ಸಿಪ್ಪೆ ಸುಲಿದರೆ 8ರ ಗುಂಡು ಉಳಿಯುತ್ತದೆ. 0.8ರ ಘನ 0.51. ಅಂದರೆ ಕಣದ ಅರ್ಧಕ್ಕರ್ಧ ಬರೀ ಸಿಪ್ಪೆ! 100 ನ್ಯಾನೊಮೀಟರ್ ಕಣದಲ್ಲಿ ಅದೇ ಸಿಪ್ಪೆ ನೂರಕ್ಕೆ ಆರರಷ್ಟು ಮಾತ್ರ. ಗಾಳಿ ತಾಗುವುದು ಸಿಪ್ಪೆಗೆ. ಕಾಂತತ್ವ ಕಡಿಮೆಯಾಗುವುದೂ ಸಿಪ್ಪೆಯಲ್ಲೇ, ಏಕೆಂದರೆ ಅಲ್ಲಿನ ಕಬ್ಬಿಣಕ್ಕೆ ಒಂದು ಕಡೆ ನೆರೆಯವರಿಲ್ಲ, ಅದರ ಮುಖ ಓರೆಯಾಗುತ್ತದೆ. ದೊಡ್ಡ ಹರಳಿನ ಮ್ಯಾಗ್ನೆಟೈಟ್ ಗ್ರಾಂಗೆ ಸುಮಾರು 92 ಇಎಂಯು (ಕಾಂತತ್ವ ಅಳೆಯುವ ಮಾನ) ಕೊಟ್ಟರೆ ಹೀಗೆ ನೀರಿನಲ್ಲಿ ಇಳಿಸಿದ ಪುಡಿ ಸಾಮಾನ್ಯವಾಗಿ 50ರಿಂದ 70ರ ನಡುವೆ ನಿಲ್ಲುತ್ತದೆ.

ಮುಂದಿನ ಸಲಕ್ಕೆ ಮೂರು ಮಾತು. ಅನ್ನಭೇದಿಯ ಹರಳು ತಿಳಿಹಸಿರು ಇರಬೇಕು. ಗೊಬ್ಬರದ ಅಂಗಡಿಯಿಂದ ತಂದು ವರ್ಷ ಇಟ್ಟದ್ದರ ಮೇಲೆ ಹಳದಿ ಪುಡಿ ಕೂತಿದ್ದರೆ ಅದರಲ್ಲಿ ಫೆರಸ್ ಆಗಲೇ ಕಡಿಮೆಯಾಗಿದೆ, ಒಂದಕ್ಕೆ ಎರಡರ ಲೆಕ್ಕ ತಪ್ಪುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿರಿ, ಕರಗಿದ ಗಾಳಿ ಹೋಗುತ್ತದೆ. ಮತ್ತು ಪುಡಿಯನ್ನು ಒಣಗಿಸಲೇಬೇಡಿ. ಬಿಸಿ ಇದ್ದಾಗಲೇ ಒಂದಿಷ್ಟು ಓಲಿಯಿಕ್ ಆಮ್ಲ ಹಾಕಿ ಕಲಕಿದರೆ ಪ್ರತಿ ಕಣಕ್ಕೂ ಎಣ್ಣೆಯ ಅಂಗಿ ತೊಡಿಸಿದಂತೆ. ಆಮೇಲೆ ಅದನ್ನು ಸೀಮೆಎಣ್ಣೆಯಲ್ಲಿ ಹರಡಿಸಿದರೆ ಅಯಸ್ಕಾಂತ ಹಿಡಿದಾಗ ಮುಳ್ಳೆದ್ದು ನಿಲ್ಲುವ ದ್ರವ ಸಿಗುತ್ತದೆ. 1963ರಲ್ಲಿ ನಾಸಾದ ಸ್ಟೀಫನ್ ಪ್ಯಾಪೆಲ್ ಇಂಥ ದ್ರವ ಮಾಡಿದ್ದು ಮ್ಯಾಗ್ನೆಟೈಟನ್ನು ಬಹುಕಾಲ ಅರೆದು ಅರೆದು. ನಿಮ್ಮ ಮಕ್ಕಳು ಮಾಡಿದ ಹಾಗೆ ನೀರಿನಲ್ಲಿ ಇಳಿಸಿಯೇ ಮಾಡುವ ದಾರಿಯನ್ನು ಫ್ರಾನ್ಸಿನ ರೆನೆ ಮಸಾರ್ 1981ರಲ್ಲಿ ಕೊಟ್ಟರು.

ಪ್ರಶ್ನೆ: ಅಕ್ಕಾರ, ನಂದು ಸ್ಪೀಕರ್ ರಿಪೇರಿ ಅಂಗಡಿ ಐತ್ರಿ. ಸ್ಪೀಕರಿನ ಹಿಂದಿನ ಕರಿ ಬಿಲ್ಲಿಗೆ ಮೊಳಿ ಅಂಟತಾವ. ಹಳೆ ರೇಡಿಯೊದಾಗಿನ ಕರಿ ಕೋಲಿಗೆ ಅಂಟಂಗಿಲ್ಲ. ಎರಡೂ ಫೆರೈಟ್ ಅಂತಾರ. ಯಾಕ ಹಿಂಗ? — ಹುಬ್ಬಳ್ಳಿ

ಅಣ್ಣಾರ, ಎರಡೂ ಫೆರೈಟ್ ಹೌದು, ಆದರೆ ಇಲ್ಲಿ ಸೂತ್ರವೂ ಬೇರೆ, ಮಾಡಿದ ಬಗೆಯೂ ಬೇರೆ. ಸ್ಪೀಕರಿನದು ಬೇರಿಯಮ್ ಅಥವಾ ಸ್ಟ್ರಾನ್ಶಿಯಮ್ ಫೆರೈಟ್. ಅದರ ಹರಳು ಒಂದೇ ದಿಕ್ಕಿಗೆ ಕಾಂತ ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಅದನ್ನು ಸುಮಾರು ಒಂದು ಮೈಕ್ರೊಮೀಟರಿನಷ್ಟು ಸಣ್ಣಗೆ ಅರೆದು, ಅಯಸ್ಕಾಂತದ ನಡುವೆ ಇಟ್ಟು ಒತ್ತಿ, 1200 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಹೆಚ್ಚು ಸುಟ್ಟು ಹರಳು ದೊಡ್ಡದಾದರೆ ಹಿಡಿತ ಸಡಿಲ ಆಗುತ್ತದೆ. ರೇಡಿಯೊ ಕೋಲಿನದು ನಿಕ್ಕಲ್-ಜಿಂಕ್ ಅಥವಾ ಮ್ಯಾಂಗನೀಸ್-ಜಿಂಕ್ ಫೆರೈಟ್. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸಬೇಕು, ಹಿಡಿದಿಟ್ಟುಕೊಂಡರೆ ರೇಡಿಯೊ ಹಾಡುವುದೇ ಇಲ್ಲ. ಕೋಲನ್ನು ಸ್ಪೀಕರ್ ಬಿಲ್ಲೆಗೆ ಹಿಡಿದು ನೋಡಿರಿ, ಜೋರಾಗಿ ಅಂಟುತ್ತದೆ. ತೆಗೆದ ಮೇಲೆ ಮೊಳೆ ಎತ್ತುವುದಿಲ್ಲ.

ಪ್ರಶ್ನೆ: ಕಾಂತೀಯ ನ್ಯಾನೊಕಣ ಮಾಡಲು ಇರುವ ವಿಧಾನಗಳಲ್ಲಿ ಯಾವುದು ಶ್ರೇಷ್ಠ? ಬೇವಿನ ಎಲೆಯ ರಸದಿಂದ ಮಾಡುವ ಹಸಿರು ವಿಧಾನ ಆರಿಸಲು ಗೆಳೆಯರು ಹೇಳುತ್ತಿದ್ದಾರೆ. — ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಯಾವುದಕ್ಕೆ ಶ್ರೇಷ್ಠ ಎಂದು ಕೇಳಬೇಕು, ತಮ್ಮಾ. ಮೊದಲು ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದ್ದೀಯಾ? ನಮ್ಮ ಅಜ್ಜಿ ಸಣ್ಣ ಇದ್ದಲಿ ಕಾವಿನ ಮೇಲೆ ಪರಾತ ಇಟ್ಟು, ಎಳ್ಳು ಹರವಿ, ಸಕ್ಕರೆ ಪಾಕವನ್ನು ಚಮಚದ ತುದಿಯಿಂದ ನಾಲ್ಕೇ ಹನಿ ಬಿಡುತ್ತಿದ್ದಳು. ಬೆರಳಿನಿಂದ ಆಡಿಸುವುದು, ಆರುವವರೆಗೆ ಕಾಯುವುದು, ಮತ್ತೆ ನಾಲ್ಕು ಹನಿ. ದಿನಗಟ್ಟಲೆ ಹೀಗೆ ಕೂತರೆ ಎಲ್ಲ ಎಳ್ಳಿಗೂ ಒಂದೇ ಸಮ ಮುಳ್ಳು ಬರುತ್ತಿತ್ತು. ಒಮ್ಮೆ ನಾನು ಅವಸರಕ್ಕೆ ಪೂರ್ತಿ ಚಮಚ ಸುರಿದೆ. ಎಳ್ಳೆಲ್ಲ ಗಂಟಾಯಿತು, ಮೇಲಾಗಿ ಎಳ್ಳಿಲ್ಲದ ಬರೀ ಸಕ್ಕರೆಯ ಹೊಸ ಕಾಳು ಬೇರೆ ಕಟ್ಟಿದವು.

ನ್ಯಾನೊಕಣದ ಕಥೆಯೂ ಇಷ್ಟೇ. ಬೀಜ ಕಟ್ಟುವುದು ಒಂದು ಘಟ್ಟ, ಬೆಳೆಯುವುದು ಇನ್ನೊಂದು. ಎರಡೂ ಬೇರೆ ಬೇರೆ ಹೊತ್ತಿಗೆ ನಡೆದರೆ ಎಲ್ಲ ಕಣ ಒಂದೇ ಗಾತ್ರ. ನೀರಿನಲ್ಲಿ ಕ್ಷಾರ ಸುರಿದು ಇಳಿಸುವಾಗ ಎರಡೂ ಒಟ್ಟಿಗೆ ನಡೆಯುತ್ತವೆ, ಹಾಗಾಗಿ 6 ನ್ಯಾನೊಮೀಟರಿನದೂ 15ರದ್ದೂ ಕೂಡಿ ಬರುತ್ತವೆ. ದಕ್ಷಿಣ ಕೊರಿಯಾದಲ್ಲಿ ಹ್ಯೋನ್ ಅವರ ತಂಡ 2004ರಲ್ಲಿ ಕಬ್ಬಿಣದ ಓಲಿಯೇಟನ್ನು ಆಕ್ಟಾಡೆಸೀನ್ ಎಂಬ ದ್ರವದಲ್ಲಿ 320 ಡಿಗ್ರಿಗೆ ನಿಧಾನವಾಗಿ ಏರಿಸಿ, ಒಂದೇ ಸಲಕ್ಕೆ 40 ಗ್ರಾಂನಷ್ಟು, ಅಚ್ಚಿನಲ್ಲಿ ಎರಕ ಹೊಯ್ದಂಥ ಸಮಗಾತ್ರದ ಕಣ ಮಾಡಿತು.

ಗಾತ್ರ ಸಮ ಇರಬೇಕೆಂಬ ಹಟ ಅಂದಕ್ಕಲ್ಲ. ಸುಮಾರು 20 ನ್ಯಾನೊಮೀಟರಿಗಿಂತ ಸಣ್ಣ ಮ್ಯಾಗ್ನೆಟೈಟ್ ಕಣದ ಕಾಂತ ಕೋಣೆಯ ಶಾಖಕ್ಕೇ ಅತ್ತಿತ್ತ ಹೊರಳಾಡುತ್ತದೆ. ಅಯಸ್ಕಾಂತ ತಂದಾಗ ಸಾಲಾಗುತ್ತದೆ, ತೆಗೆದರೆ ಮರೆಯುತ್ತದೆ. ಇದಕ್ಕೆ ಸೂಪರ್‌ಪ್ಯಾರಾಕಾಂತತ್ವ ಎನ್ನುತ್ತಾರೆ. ಒಂದು ಹೊರಳಿಗೆ ಹಿಡಿಯುವ ಹೊತ್ತು ಕಣದ ಘನಗಾತ್ರದ ಮೇಲೆ ಘಾತೀಯವಾಗಿ ನಿಂತಿದೆ. ವ್ಯಾಸ ಎರಡು ಪಟ್ಟಾದರೆ ಘನಗಾತ್ರ ಎಂಟು ಪಟ್ಟು, ಆ ಎಂಟು ಘಾತದ ಮೇಲೆ ಹೋಗಿ ಕೂಡುತ್ತದೆ. ಹಾಗಾಗಿ ಒಂದೇ ಪುಡಿಯಲ್ಲಿ ಕೆಲವು ಕಣ ಕ್ಷಣದಲ್ಲಿ ಮರೆತರೆ ಕೆಲವು ವರ್ಷಗಟ್ಟಲೆ ನೆನಪಿಡುತ್ತವೆ. ಕ್ಯಾನ್ಸರ್ ಗಡ್ಡೆಯನ್ನು ಒಳಗಿನಿಂದ ಬಿಸಿ ಮಾಡುವ ಚಿಕಿತ್ಸೆಗೆ ಅಂಥ ಕಲಬೆರಕೆ ಆಗಿಬರುವುದಿಲ್ಲ.

ಆದರೆ ಕೊರಿಯಾದವರು ಬಿಸಿ ದ್ರವದಲ್ಲಿ ಮಾಡಿದ ಆ ಕಣಗಳು ಎಣ್ಣೆಯ ಅಂಗಿಯಲ್ಲೇ ಹುಟ್ಟುತ್ತವೆ. ನೀರಿಗೂ ರಕ್ತಕ್ಕೂ ಬೆರೆಯುವುದಿಲ್ಲ, ಅಂಗಿ ಬದಲಿಸುವುದು ಇನ್ನೊಂದು ದೊಡ್ಡ ಕೆಲಸ. ಕೊಳೆ ನೀರು ತಿಳಿಗೊಳಿಸಲು ಕಿಲೋಗಟ್ಟಲೆ ಪುಡಿ ಬೇಕಾದವರಿಗೆ ನೀರಿನ ವಿಧಾನವೇ ಸರಿ. ಟೆಫ್ಲಾನ್ ಒಳಪದರದ ಉಕ್ಕಿನ ಡಬ್ಬಿಯಲ್ಲಿ ಒತ್ತಡದ ನೀರಿನಲ್ಲಿ 150–200 ಡಿಗ್ರಿಯಲ್ಲಿ ಬೇಯಿಸಿದರೆ ಹರಳು ಇನ್ನೂ ಕಟ್ಟುನಿಟ್ಟಾಗುತ್ತದೆ. ಉಕ್ಕಿನ ಗುಂಡುಗಳ ಗಿರಣಿಯಲ್ಲಿ ಅರೆಯುವುದಾದರೆ ಗುಂಡಿನ ಕಬ್ಬಿಣವೇ ಪುಡಿಗೆ ಸೇರುತ್ತದೆ, ಅದನ್ನು ಅಳೆಯದೆ ಕಾಂತತ್ವದ ಮಾತಾಡಬೇಡ.

ನಮ್ಮವರೇ ತೋರಿಸಿದ ದಾರಿಯೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಪ್ರೊ. ಕೆ.ಸಿ. ಪಾಟೀಲ 1988ರಲ್ಲಿ ಅಲ್ಯುಮಿನಿಯಮ್ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿಯ ಕುಲುಮೆಯಲ್ಲಿಟ್ಟು, ಅದು ತಾನೇ ಹೊತ್ತಿ ಉರಿದು ಕೆಲವೇ ನಿಮಿಷದಲ್ಲಿ ಆಕ್ಸೈಡ್ ಪುಡಿಯಾಗುವುದನ್ನು ತೋರಿಸಿದರು. ಈಗ ಫೆರೈಟ್‌ಗಳನ್ನೂ ಹೀಗೆ ಉರಿಸಿ ಮಾಡುತ್ತಾರೆ, ಯೂರಿಯಾ ಬದಲು ಗ್ಲೈಸಿನ್ ಅಥವಾ ಸಿಟ್ರಿಕ್ ಆಮ್ಲ. ಅರಳು ಹುರಿದಂತೆ ಹಗುರ ಪುಡಿ. ಇಂಧನ ಎಷ್ಟು ಹಾಕಿದೆ ಎಂಬುದರ ಮೇಲೆ ಉರಿಯ ಬಿಸಿ, ಉರಿಯ ಬಿಸಿಯ ಮೇಲೆ ಹರಳಿನ ಗಾತ್ರ. ಕೆಲವೇ ಗ್ರಾಂನಿಂದ ಶುರು ಮಾಡು. ಕಂದು ಹೊಗೆ ಏಳುತ್ತದೆ, ಅದು ಶ್ವಾಸಕೋಶ ಸುಡುತ್ತದೆ. ಹೊಗೆ ಎಳೆಯುವ ಕಪಾಟಿಲ್ಲದ ಕಡೆ ಇದನ್ನು ಮಾಡಲೇಬಾರದು.

ಬೇವಿನ ವಿಷಯಕ್ಕೆ ನನ್ನ ಅಭಿಪ್ರಾಯ ಖಡಕ್. ಎಲೆಯ ರಸ ಒಂದು ವಸ್ತುವಲ್ಲ, ನೂರಾರು ವಸ್ತುಗಳ ಕಷಾಯ. ಚೈತ್ರದ ಚಿಗುರಿನ ರಸ ಬೇರೆ, ಕಾರ್ತೀಕದ ಬಲಿತ ಎಲೆಯದು ಬೇರೆ. ಅದರ ಜೊತೆ ಕೊನೆಗೆ ಬಹಳ ಮಂದಿ ಕಾಸ್ಟಿಕ್ ಸೋಡಾ ಹಾಕುತ್ತಾರೆ, ಕಣ ಇಳಿಸುವ ಮುಖ್ಯ ಕೆಲಸ ಎಷ್ಟೋ ಸಲ ಅದರದ್ದೇ. ಆರಿಸುವುದಾದರೆ ರಸವಿಲ್ಲದೆ ಬರೀ ಕಾಸ್ಟಿಕ್ ಹಾಕಿದ ಇನ್ನೊಂದು ಬೀಕರನ್ನು ಪಕ್ಕದಲ್ಲಿಟ್ಟು ಮಾಡು. ಎರಡರ ನಡುವಿನ ವ್ಯತ್ಯಾಸವೇ ಬೇವಿನ ಪಾಲು.

ಪ್ರಶ್ನೆ: ನಮ್ಮ ಬೋರಿನ ನೀರಿನಾಗ ಫ್ಲೋರೈಡ್ ಐತಿ. ಮ್ಯಾಗ್ನೆಟಿಕ್ ನ್ಯಾನೊ ಫಿಲ್ಟರ್ ಅಂತ ಒಬ್ರು ಮಾರಾಕ ಬಂದಾರ. ಕರಿ ಪುಡಿ ನೀರಿಗೆ ಹಾಕಿ ಅಯಸ್ಕಾಂತದಿಂದ ಎಳದು ತೋರ್ಸಿದ್ರು. ತೊಗೊಬಹುದಾ? — ರೈತ, ಮುಂಡರಗಿ ತಾಲೂಕು

ಅಣ್ಣಾರ, ಪುಡಿ ಹೊರಬಂತು ಎಂಬುದನ್ನು ಅವರು ತೋರಿಸಿದ್ದಾರೆ. ಫ್ಲೋರೈಡ್ ಹೊರಬಂತು ಎಂಬುದನ್ನು ತೋರಿಸಿಲ್ಲ. ಮ್ಯಾಗ್ನೆಟೈಟ್ ನ್ಯಾನೊಕಣ ಆರ್ಸೆನಿಕ್ಕನ್ನು ಚೆನ್ನಾಗಿ ಹಿಡಿಯುವುದು ನಿಜ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2006ರಲ್ಲಿ 12 ನ್ಯಾನೊಮೀಟರ್ ಕಣಗಳಿಂದ ಅದನ್ನು ಮಾಡಿ, ಸಣ್ಣ ಅಯಸ್ಕಾಂತದಿಂದಲೇ ಎಳೆದು ತೋರಿಸಿದರು. ಆದರೆ ನಿಮ್ಮದು ಫ್ಲೋರೈಡ್. ಅದಕ್ಕೆ ಕಬ್ಬಿಣಕ್ಕಿಂತ ಅಲ್ಯುಮಿನಿಯಮ್ ಮೇಲೆ ಒಲವು ಹೆಚ್ಚು. ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬಳಸುವುದು ಅದಕ್ಕೇ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ) ಸಂಸ್ಥೆಯ ನಲ್ಗೊಂಡ ವಿಧಾನದಲ್ಲಿ ಪಟಕ (ಆಲಂ) ಮತ್ತು ಸುಣ್ಣ ಹಾಕುವುದೂ ಅದಕ್ಕೇ.

ಅವರಿಗೆ ಹೇಳಿರಿ: ನಮ್ಮ ಬೋರಿನದೇ ನೀರು, ಫಿಲ್ಟರ್ ಹಾಕುವ ಮೊದಲಿನದು ಒಂದು ಬಾಟಲಿ, ಹಾಕಿದ ನಂತರದ್ದು ಒಂದು ಬಾಟಲಿ, ನಾವೇ ತುಂಬಿ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುತ್ತೇವೆ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಬಂದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಒಂದು ಸಲವಲ್ಲ, ಮೂರು ತಿಂಗಳ ನಂತರ ಇನ್ನೊಮ್ಮೆ. ಒಪ್ಪದಿದ್ದರೆ ರೊಕ್ಕ ಕೊಡಬೇಡಿ. ಮನೆಯಲ್ಲಿ ಎಲ್ಲರಿಗೂ ಇದನ್ನೂ ತಿಳಿಸಿರಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಸಣ್ಣ ಮಕ್ಕಳಿಗೆ ಹಿಡಿದಿಟ್ಟ ಮಳೆನೀರನ್ನು ಶುದ್ಧವಾಗಿಟ್ಟು ಕುಡಿಸುವುದು ಒಳ್ಳೆಯದು.

ಪ್ರಶ್ನೆ: ಟೀಚರ್, ಹೊಳೆಯ ಮರಳಿನಲ್ಲಿ ಅಯಸ್ಕಾಂತ ಎಳೆದರೆ ಕರಿ ಪುಡಿ ಅಂಟುತ್ತದೆ. ಅದು ನ್ಯಾನೊ ಇರುತ್ತದಾ? — ಎಂಟನೆಯ ತರಗತಿ, ಹಾವೇರಿ ಜಿಲ್ಲೆ

ಮರಿ, ನಾನೂ ನಿನ್ನ ವಯಸ್ಸಿನಲ್ಲಿ ವರದಾ ಹೊಳೆಯ ದಂಡೆಯಲ್ಲಿ ಸ್ಪೀಕರ್ ಬಿಲ್ಲೆಗೆ ದಾರ ಕಟ್ಟಿ ಎಳೆಯುತ್ತಿದ್ದೆ. ಅದು ನ್ಯಾನೊ ಅಲ್ಲ. ಕಣ್ಣಿಗೆ ಕಾಣುವ ಕಾಳು ನ್ಯಾನೊಕಣಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಬಂಡೆಯೊಳಗೆ ನಿಧಾನವಾಗಿ ಬೆಳೆದ ಮ್ಯಾಗ್ನೆಟೈಟ್, ಬಂಡೆ ಸವೆದು ಹೊಳೆಗೆ ಬಂದದ್ದು.

ಆದರೆ ನ್ಯಾನೊ ಮ್ಯಾಗ್ನೆಟೈಟ್ ಮಾಡುವ ಜೀವಿಗಳು ಕೆಸರಿನಲ್ಲಿ ಇರುತ್ತವೆ. 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಇವುಗಳ ಬಗ್ಗೆ ಬರೆದಾಗ ಜಗತ್ತಿಗೆ ಗೊತ್ತಾಯಿತು. ಈ ಬ್ಯಾಕ್ಟೀರಿಯಾ ತನ್ನ ಮೈಯೊಳಗೆ ಸಣ್ಣ ಚೀಲಗಳನ್ನು ಸಾಲಾಗಿ ಕಟ್ಟಿ, ಪ್ರತಿ ಚೀಲದಲ್ಲಿ ಒಂದೊಂದು ಹರಳು ಬೆಳೆಸುತ್ತದೆ. ಕುಲುಮೆ ಇಲ್ಲ, ಕಾಸ್ಟಿಕ್ ಇಲ್ಲ. ಹರಳುಗಳು ಸುಮಾರು 35ರಿಂದ 120 ನ್ಯಾನೊಮೀಟರ್. ಅದಕ್ಕಿಂತ ಸಣ್ಣದಾದರೆ ಕಾಂತ ಮರೆಯುತ್ತದೆ, ದೊಡ್ಡದಾದರೆ ಅದರ ಕಾಂತ ಒಳಗೇ ಬೇರೆ ಬೇರೆ ದಿಕ್ಕಿನ ಹೋಳುಗಳಾಗುತ್ತದೆ. ಎರಡರ ನಡುವಿನ ಜಾಗವನ್ನೇ ಅದು ಆರಿಸಿಕೊಂಡಿದೆ. ಈ ಸಾಲು ದಿಕ್ಸೂಚಿಯ ಮುಳ್ಳಿನ ಹಾಗೆ ಕೆಲಸ ಮಾಡುತ್ತದೆ.

ನೋಡಬೇಕಾದರೆ ಟೀಚರ್ ಒಬ್ಬರನ್ನು ಜೊತೆ ಮಾಡಿಕೊಂಡು ಕೆರೆಯ ದಂಡೆಯ ಕೆಸರು ಅರ್ಧ, ಅದೇ ಕೆರೆಯ ನೀರು ಅರ್ಧ ಗಾಜಿನ ಭರಣಿಗೆ ತುಂಬು. ಕತ್ತಲಲ್ಲಿ ಕೆಲವು ವಾರ ಬಿಡು, ಅಲುಗಾಡಿಸಬೇಡ. ಆಮೇಲೆ ಕೆಸರಿನಿಂದ ಒಂದು ಬೆರಳು ಮೇಲೆ, ಭರಣಿಯ ಹೊರಗೆ ಎರಡು ಎದುರುಬದುರು ಬದಿಗೆ ಎರಡು ಅಯಸ್ಕಾಂತ ಅಂಟಿಸು. ಒಂದರ ಉತ್ತರ ತುದಿ ಒಳಮುಖ ಇರಲಿ, ಇನ್ನೊಂದರ ದಕ್ಷಿಣ ತುದಿ. ಎರಡು ತಾಸಿನ ನಂತರ ಎರಡೂ ತುದಿಗಳ ಹತ್ತಿರದ ನೀರನ್ನು ಬೇರೆ ಬೇರೆ ಡ್ರಾಪರಿನಲ್ಲಿ ಎತ್ತಿ ಸೂಕ್ಷ್ಮದರ್ಶಕದ 400 ಪಟ್ಟಿನಲ್ಲಿ ನೋಡು. ಅಯಸ್ಕಾಂತ ತಿರುಗಿಸಿದಾಗ ಈಜುವ ಚುಕ್ಕೆಗಳು ಒಟ್ಟಿಗೆ ತಿರುಗಿದರೆ ಅವೇ. ಉತ್ತರದ ದೇಶಗಳಲ್ಲಿ ಹೆಚ್ಚಿನವು ದಕ್ಷಿಣ ತುದಿಯ ಕಡೆ ಸೇರುತ್ತವೆ. ನಾವು ಇರುವುದು ಭೂಕಾಂತದ ಸಮಭಾಜಕಕ್ಕೆ ಹತ್ತಿರ. ಅದು ನಮ್ಮ ದೇಶದ ದಕ್ಷಿಣ ತುದಿಯಲ್ಲಿ ಹಾದುಹೋಗುತ್ತದೆಂದೇ 1963ರಲ್ಲಿ ಕೇರಳದ ತುಂಬಾದಲ್ಲಿ ರಾಕೆಟ್ ಹಾರಿಸಲು ಶುರು ಮಾಡಿದ್ದು. ಹಾಗಾಗಿ ನಿನ್ನ ಭರಣಿಯಲ್ಲಿ ಎರಡೂ ಕಡೆ ಸಿಕ್ಕಾವು.

ಯಾವ ಕೆರೆ, ಯಾವ ತಾರೀಕು, ಎಷ್ಟು ವಾರ ಇಟ್ಟೆ, ಯಾವ ತುದಿಯಲ್ಲಿ ಎಷ್ಟು ಕಂಡವು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಆ ಹಾಳೆಯನ್ನೇ ನನಗೆ ಕಳಿಸು. ಏನೂ ಕಾಣದಿದ್ದರೂ ಕಳಿಸು.